ತೆಂಗು, ತಾಳೆ, ಅಡಿಕೆ ಮರ ಬಿಡಿಸಲು ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರ ಕಲಿಯುವವರ ಜೊತೆ ಕೂತಾಗ, ಅವರ ಪತ್ರಗಳಲ್ಲಿ, ತಿದ್ದಿಕೊಡಿ ಎಂದು ಕಳುಹಿಸಿದ ಹಾಳೆಗಳ ಅಂಚಿನಲ್ಲಿ ಈ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ. ಕೇಳಿದವರ ಮಾತಿನಲ್ಲೇ ಇಟ್ಟು, ಸುಲಭದ್ದನ್ನು ಮೊದಲು, ಕಷ್ಟದ್ದನ್ನು ಆಮೇಲೆ ಜೋಡಿಸಿದ್ದೇನೆ.

ಪದಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಇಡೀ ಎಲೆಗೆ ಇಲ್ಲಿ ಸೋಗೆ ಎಂದಿದ್ದೇನೆ. ಸೋಗೆಯ ನಡುವೆ ಹಾದುಹೋಗುವುದು ದಂಟು, ದಂಟಿನ ಎರಡೂ ಕಡೆ ಹೊರಡುವ ಉದ್ದನೆಯ ಎಸಳುಗಳು ಗರಿ. ಕಾಂಡಕ್ಕೆ ಅಂಟಿಕೊಂಡಿರುವ, ಗರಿಯಿಲ್ಲದ ದಪ್ಪ ಭಾಗ ಮಟ್ಟೆ. ನೆತ್ತಿಯಲ್ಲಿ ಈಟಿಯಂತೆ ನೇರ ನಿಂತ, ಇನ್ನೂ ಬಿಚ್ಚದ ಎಳೆಯ ಸೋಗೆ ಸುಳಿ.

## ಮೊದಲ ಗೆರೆಗೆ ಮುಂಚೆ

ನನಗೆ ಚಿತ್ರ ಬಿಡಿಸೋಕೇ ಬರಲ್ಲ. ತೆಂಗಿನ ಮರದಿಂದ ಶುರು ಮಾಡಬಹುದಾ?

ಧಾರಾಳವಾಗಿ ಮಾಡಬಹುದು. ಆಲ, ಮಾವುಗಳಲ್ಲಿ ಯಾವ ಕೊಂಬೆ ಎಲ್ಲಿ ಕವಲೊಡೆಯಿತು ಎಂದು ಹಿಡಿಯುವಷ್ಟರಲ್ಲೇ ಹೊಸಬರಿಗೆ ಸಾಕಾಗಿಹೋಗುತ್ತದೆ. ತೆಂಗಿನಲ್ಲಿ ಆ ಗೊಂದಲವಿಲ್ಲ. ಒಂದು ಕಾಂಡ, ಅದರ ತುದಿಯಲ್ಲಿ ಒಂದೇ ಒಂದು ಬೆಳೆಯುವ ಜಾಗ, ಅದರ ಸುತ್ತ ಸೋಗೆಗಳು. ಮರದ ರಚನೆ ಇಷ್ಟೇ.

ತೊಂದರೆ ಇರುವುದು ಬೇರೆ ಕಡೆ. ನಾಲ್ಕು ಗೆರೆ ಎಳೆದರೂ ನೋಡಿದವರು ತೆಂಗಿನ ಮರ ಎಂದು ಗುರುತಿಸಿಬಿಡುತ್ತಾರೆ. ಬಂತಲ್ಲ ಎಂದು ನಾವೂ ಅಲ್ಲಿಗೇ ನಿಲ್ಲುತ್ತೇವೆ. ಮುಂದಿನ ಉತ್ತರಗಳೆಲ್ಲ ಆ ನಾಲ್ಕು ಗೆರೆ ದಾಟಿ ಮುಂದೆ ಹೋಗಬೇಕೆನ್ನುವವರಿಗಾಗಿ.

ಯಾವ ಪೆನ್ಸಿಲ್, ಯಾವ ಪೇಪರ್ ತಗೊಳ್ಳಲಿ?

ಆಕಾರ ಗುರುತಿಸಲು ಎಚ್‌ಬಿ, ಗರಿ ಮತ್ತು ನೆರಳಿಗೆ 2ಬಿ, ತೀರಾ ಕಪ್ಪು ಬೇಕಾದಲ್ಲಿ 4ಬಿ. ಅಭ್ಯಾಸಕ್ಕೆ ಯಾವ ಬಿಳಿ ಹಾಳೆಯಾದರೂ ಸರಿ. ಜಲವರ್ಣಕ್ಕೆ ಮಾತ್ರ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಕಾಗದ ಬೇಕು, ತೆಳುವಾದದ್ದು ನೀರು ತಾಗಿದೊಡನೆ ಸುಕ್ಕುಗಟ್ಟುತ್ತದೆ. ಪೆನ್ಸಿಲ್ ಮೊನೆ ಉದ್ದವಾಗಿರಲಿ. ಮೊಂಡು ಮೊನೆಯಿಂದ ಗರಿಯ ತುದಿ ಚೂಪಾಗುವುದಿಲ್ಲ.

ಬುಡದಿಂದ ಶುರು ಮಾಡಬೇಕಾ, ತಲೆಯಿಂದಲಾ?

ಎರಡನ್ನೂ ಒಂದೇ ಗೆರೆಯಿಂದ ಕಟ್ಟಿಕೊಳ್ಳಿ. ಬುಡ ಎಲ್ಲಿ, ಸುಳಿಯ ಬುಡ ಎಲ್ಲಿ ಎಂದು ಎರಡು ಚುಕ್ಕಿ ಇಡಿ. ಅವೆರಡನ್ನೂ ಸೇರಿಸುವ ಒಂದೇ ತೆಳು ಗೆರೆ ಕಾಂಡದ ಓಟ. ಮೇಲಿನ ಚುಕ್ಕಿಯಿಂದ ಸೋಗೆಗಳ ದಂಟುಗಳನ್ನು ಮಾತ್ರ, ಗರಿ ಒಂದೂ ಇಲ್ಲದೆ, ಎಳೆಯಿರಿ. ಈ ಹಂತದಲ್ಲಿ ಹಾಳೆಯನ್ನು ದೂರ ಹಿಡಿದು ನೋಡಿ. ಬರೀ ದಂಟುಗಳಲ್ಲೇ ಮರ ನಿಂತಿರಬೇಕು. ಇಲ್ಲಿ ನಿಲ್ಲದ ಮರ, ಮೇಲೆ ಸಾವಿರ ಗರಿ ಹೇರಿದರೂ ನಿಲ್ಲುವುದಿಲ್ಲ.

ನಾನು ಬರೆದ ಮರ ಕೋಲಿನ ತುದಿಗೆ ಪೊರಕೆ ಕಟ್ಟಿದ ಹಾಗೆ ಕಾಣುತ್ತೆ. ಎಲ್ಲಿ ತಪ್ಪಿದೆ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು, ಉತ್ತರವನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನೀವು ಎಲ್ಲ ಸೋಗೆಗಳನ್ನೂ ಒಂದೇ ವಯಸ್ಸಿನವೆಂದು ಬರೆದಿದ್ದೀರಿ. ಮರದ ಮೇಲೆ ಹಾಗಿರುವುದಿಲ್ಲ. ಸೋಗೆಗಳು ಒಂದಾದ ಮೇಲೊಂದು ಹುಟ್ಟುತ್ತವೆ. ಚೆನ್ನಾಗಿ ಬೆಳೆದ ತೆಂಗಿನಲ್ಲಿ ಸುಮಾರು ತಿಂಗಳಿಗೊಂದು ಹೊಸ ಸೋಗೆ ಬಿಚ್ಚಿಕೊಳ್ಳುತ್ತದೆ. ಹುಟ್ಟುವಾಗ ನೆಟ್ಟಗೆ ನಿಂತದ್ದು, ಮೇಲೆ ಇನ್ನೊಂದು ಬಂದಂತೆ ಪಕ್ಕಕ್ಕೆ ಸರಿಯುತ್ತದೆ, ಅಡ್ಡಕ್ಕೆ ಚಾಚುತ್ತದೆ, ಕೆಳಕ್ಕೆ ಬಾಗುತ್ತದೆ, ಒಣಗುತ್ತದೆ, ಬೀಳುತ್ತದೆ. ನೆತ್ತಿಯಿಂದ ಕೆಳಗಿಳಿದಂತೆ ನೀವು ನೋಡುವುದು ಒಂದೇ ಸೋಗೆಯ ಬಾಳಿನ ಬೇರೆ ಬೇರೆ ದಿನಗಳನ್ನು.

ಇದು ಗೆರೆಯಲ್ಲಿ ಹೇಗೆ ಬರುತ್ತದೆ? ಮೊದಲು ನಡುವೆ ನೇರವಾದ ಸುಳಿ. ಅದರ ಅಕ್ಕಪಕ್ಕ ಎರಡು ಮೂರು ಎಳೆಯ ಸೋಗೆಗಳು ಮೇಲೇರಿ ತುದಿಯಲ್ಲಷ್ಟೇ ಬಾಗಲಿ. ಅವುಗಳ ಕೆಳಗಿನವು ದೊಡ್ಡ ಬಿಲ್ಲಿನಂತೆ ಹೊರಗೆ ಚಾಚಲಿ, ಇವೇ ತಲೆಯ ಅಗಲವನ್ನು ನಿರ್ಧರಿಸುತ್ತವೆ. ಇನ್ನೂ ಕೆಳಗಿನವು ಬುಡದಿಂದಲೇ ಇಳಿಮುಖವಾಗಲಿ. ಕಟ್ಟಕಡೆಯ ಒಂದೆರಡು ಕಾಂಡಕ್ಕೆ ಒರಗಿ ಜೋತುಬೀಳಲಿ. ದಂಟು ಎಲ್ಲಿ ಬಾಗುತ್ತದೆ ಎಂಬುದು ವಯಸ್ಸಿನ ಗುರುತು. ಎಳೆಯದರಲ್ಲಿ ಬಾಗು ತುದಿಯ ಹತ್ತಿರ, ಹಳೆಯದರಲ್ಲಿ ಬುಡದ ಹತ್ತಿರ.

ಇದೊಂದನ್ನು ಮನಸ್ಸಿಗೆ ತಂದುಕೊಂಡರೆ ಪೊರಕೆ ಮಾಯವಾಗುತ್ತದೆ. ಗರಿ ಬರೆಯುವ ಕೌಶಲ ಆಮೇಲೆ ಬಂದರೂ ನಡೆಯುತ್ತದೆ.

ಕಾಂಡ ಎಷ್ಟು ದಪ್ಪ, ತಲೆ ಎಷ್ಟು ಅಗಲ ಇರಬೇಕು?

ಲೆಕ್ಕ ಹಾಕೋಣ. 20 ಮೀಟರ್ ಎತ್ತರದ ತೆಂಗಿನ ಮರದ ಕಾಂಡ ಸುಮಾರು 30 ಸೆಂಟಿಮೀಟರ್ ದಪ್ಪ. ಸೋಗೆಯ ಉದ್ದ 4ರಿಂದ 6 ಮೀಟರ್. ಬಾಗಿದ ಮೇಲೆ ತಲೆಯ ಒಟ್ಟು ಅಗಲ ಸುಮಾರು 8 ಮೀಟರ್ ಎನ್ನಿ. ಹಾಳೆಯ ಮೇಲೆ 1 ಸೆಂಟಿಮೀಟರಿಗೆ 1 ಮೀಟರ್ ಎಂದು ಇಳಿಸಿದರೆ, 20 ಸೆಂಟಿಮೀಟರ್ ಎತ್ತರದ ಚಿತ್ರದಲ್ಲಿ ತಲೆ 8 ಸೆಂಟಿಮೀಟರ್ ಅಗಲ, ಕಾಂಡ ಬರೇ 3 ಮಿಲಿಮೀಟರ್.

ಮೂರೇ ಮಿಲಿಮೀಟರ್! ಹೆಚ್ಚಿನವರು ಒಂದೂವರೆ ಸೆಂಟಿಮೀಟರ್ ದಪ್ಪ ಬರೆಯುತ್ತಾರೆ, ಮರ ಕಂಬದಂತಾಗುತ್ತದೆ. ಕಾಂಡದ ಮೇಲೆ ಬಳೆ, ಬಿರುಕು ತೋರಿಸಬೇಕೆಂಬ ಆಸೆಯೇ ಅದನ್ನು ದಪ್ಪ ಮಾಡಿಸುತ್ತದೆ. ಬಿರುಕು ತೋರಿಸಬೇಕಿದ್ದರೆ ಕಾಂಡದ ಒಂದು ತುಂಡನ್ನೇ ದೊಡ್ಡದಾಗಿ ಬರೆಯಿರಿ, ಇಡೀ ಮರವನ್ನು ಬೇಡ. ಎಳೆಯ ಮರದ ಲೆಕ್ಕ ಮಾತ್ರ ಬೇರೆ. ಅದಕ್ಕೆ ಎತ್ತರ ಬಂದಿರುವುದಿಲ್ಲ, ದಪ್ಪ ಆಗಲೇ ಬಂದಿರುತ್ತದೆ. ಆದ್ದರಿಂದ ಅದು ಗಿಡ್ಡಗೆ, ದಪ್ಪಗೆ, ತಲೆಯೇ ದೊಡ್ಡದಾಗಿ ಕಾಣುತ್ತದೆ.

## ಸೋಗೆ ಮತ್ತು ಗರಿ

ಒಂದೇ ಒಂದು ಸೋಗೆ ಸರಿಯಾಗಿ ಬರೆಯೋದು ಹೇಗೆ?

ದಂಟಿನ ಬಾಗನ್ನು ಒಂದೇ ಉಸಿರಿನಲ್ಲಿ, ಮಣಿಕಟ್ಟು ಬಿಗಿಹಿಡಿಯದೆ, ಭುಜದಿಂದ ಎಳೆಯಿರಿ. ಬುಡದಲ್ಲಿ ದಪ್ಪ, ತುದಿಯಲ್ಲಿ ಕೂದಲೆಳೆ. ತೆಂಗಿನಲ್ಲಿ ಬುಡದಿಂದ ಸುಮಾರು ಕಾಲುಭಾಗ ಬರೀ ಮಟ್ಟೆ, ಅಲ್ಲಿ ಗರಿಯಿಲ್ಲ. ಈ ಜಾಗವನ್ನು ಖಾಲಿ ಬಿಟ್ಟರೆ ಮರದ ನಡುವೆ ಗಾಳಿ ಬೆಳಕು ಆಡುತ್ತದೆ. ಮರೆತರೆ ಕೂದಲಿನ ಉಂಡೆಯಾಗುತ್ತದೆ.

ಇನ್ನು ಗರಿಗಳು. ಬುಡದ ಕಡೆ ಗಿಡ್ಡ, ನಡುವೆ ಅತಿ ಉದ್ದ, ತುದಿಗೆ ಮತ್ತೆ ಗಿಡ್ಡ. ಒಂದೊಂದೂ ದಂಟಿನಿಂದ ತುದಿಯ ಕಡೆಗೆ ಓರೆಯಾಗಿ ಹೊರಟು, ಆಮೇಲೆ ತನ್ನ ಭಾರಕ್ಕೆ ತಾನೇ ಕೆಳಗೆ ಬಾಗುತ್ತದೆ. ಪೆನ್ಸಿಲನ್ನು ದಂಟಿನ ಮೇಲೆ ಒತ್ತಿ ಹೊರಗೆ ಬೀಸಿ ಎತ್ತಿಬಿಡಿ. ಒತ್ತಡ ತಾನಾಗಿ ಇಳಿದು ತುದಿ ಚೂಪಾಗುತ್ತದೆ. ಹೊರಗಿನಿಂದ ಒಳಕ್ಕೆ ಎಳೆದರೆ ಈ ಚೂಪು ಬರುವುದಿಲ್ಲ.

ಗರಿಗಳೆಲ್ಲ ಬಾಚಣಿಗೆ ಹಲ್ಲಿನ ಥರ ಆಗುತ್ತವೆ. ಏನು ಮಾಡಲಿ?

ಒಂದು ದೊಡ್ಡ ತೆಂಗಿನ ಸೋಗೆಯಲ್ಲಿ ಇನ್ನೂರಕ್ಕೂ ಹೆಚ್ಚು ಗರಿಗಳಿರಬಹುದು. ಅಷ್ಟನ್ನೂ ಎಣಿಸಿದಂತೆ ಬರೆಯಲು ಹೊರಟಾಗಲೇ ಕೈ ಯಂತ್ರವಾಗುತ್ತದೆ. ಗರಿಗಳನ್ನು ಗುಂಪಾಗಿ ನೋಡಿ. ನಾಲ್ಕೈದು ಒಟ್ಟಿಗೆ ಅಂಟಿಕೊಂಡಂತೆ ಒಂದು ಕಪ್ಪು ಆಕಾರ, ಆಮೇಲೆ ಬಿರುಕು, ಒಂಟಿ ಗರಿ, ಮತ್ತೆ ಗುಂಪು. ಗಾಳಿಗೆ ಹಳೆಯ ಸೋಗೆ ಹರಿದಿರುತ್ತದೆ, ಕೆಲವು ಗರಿ ಮುರಿದು ತುದಿ ಕೆಳಗೆ ನೇತಾಡುತ್ತದೆ, ಒಂದು ತಿರುಚಿ ಅಡಿಭಾಗ ತೋರಿಸುತ್ತದೆ. ಇವನ್ನು ನಿಜವಾದ ಮರ ನೋಡಿಯೇ ಆರಿಸಿಕೊಳ್ಳಿ. ಮನಸ್ಸಿನಿಂದ ಸೃಷ್ಟಿಸಿದ ಅಸ್ತವ್ಯಸ್ತವೂ ಸ್ವಲ್ಪ ಹೊತ್ತಿಗೆ ಒಂದೇ ಲಯಕ್ಕೆ ಬಿದ್ದುಬಿಡುತ್ತದೆ.

ಹತ್ತಿರದಿಂದ ಬರೆಯುವವರಿಗೆ ಇನ್ನೊಂದು ವಿಷಯ. ತೆಂಗಿನ ಗರಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಮನೆಯ ಮಾಡಿನ ಆಕಾರ, ನಡುಕಡ್ಡಿ ಮೇಲೆ, ಎರಡೂ ಕಡೆ ಇಳಿಜಾರು. ಈಚಲು, ಖರ್ಜೂರಗಳಲ್ಲಿ ಇದು ತಿರುವುಮುರುವು, ಗರಿ ದೋಣಿಯಂತೆ ಮೇಲಕ್ಕೆ ಮಡಚಿರುತ್ತದೆ. ಹೀಗಾಗಿ ಒಂದೇ ಬಿಸಿಲಿನಲ್ಲಿ ತೆಂಗಿನ ಗರಿಯ ನೆತ್ತಿ ಹೊಳೆಯುತ್ತದೆ, ಈಚಲಿನ ಗರಿಯ ನಡುವೆ ಕಪ್ಪು ಗೆರೆ ಓಡುತ್ತದೆ.

ನನ್ನ ಕಡೆಗೇ ಚಾಚಿರುವ ಸೋಗೆ ಬರೆಯೋಕೆ ಆಗ್ತಾನೇ ಇಲ್ಲ. ದಯವಿಟ್ಟು ಬಿಡಿಸಿ ಹೇಳಿ.

ಇಡೀ ಮರದಲ್ಲಿ ಕಷ್ಟದ ಜಾಗ ಇದೇ. ಎಡಕ್ಕೆ ಬಲಕ್ಕೆ ಚಾಚಿದವನ್ನು ಎಲ್ಲರೂ ಬರೆಯುತ್ತಾರೆ. ಎದುರಿಗೆ ಬರುವುದನ್ನೂ ಹಿಂದಕ್ಕೆ ಹೋಗುವುದನ್ನೂ ಬಿಟ್ಟುಬಿಡುತ್ತಾರೆ, ಅದಕ್ಕೇ ಮರ ಹಾಳೆಗೆ ಅಂಟಿಸಿದ ಕಾಗದದಂತೆ ಚಪ್ಪಟೆಯಾಗುತ್ತದೆ.

ಒಂದು ಕಾಗದದ ಪಟ್ಟಿ ತೆಗೆದುಕೊಳ್ಳಿ, ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲ. ಉದ್ದಕ್ಕೆ ನಡುವೆ ಮಡಿಕೆ ಹಾಕಿ ಬಿಚ್ಚಿ. ಎರಡೂ ಅಂಚಿನಿಂದ ಮಡಿಕೆಯ ಹತ್ತಿರದವರೆಗೆ ಓರೆಯಾಗಿ ಕತ್ತರಿಸುತ್ತ ಹೋಗಿ, ಸೋಗೆ ಸಿದ್ಧವಾಯಿತು. ಅದನ್ನು ಬಾಗಿಸಿ, ಕಣ್ಣಿಗಿಂತ ಮೇಲೆ ಹಿಡಿದು, ಮೆಲ್ಲಗೆ ನಿಮ್ಮ ಕಡೆಗೆ ತಿರುಗಿಸಿ. ಮೂರು ಸಂಗತಿ ಕಾಣುತ್ತವೆ. ದಂಟಿನ ಉದ್ದ ಮೊಟಕಾಗುತ್ತದೆ, ಕೊನೆಗೆ ಸ್ವಲ್ಪ ಮೇಲೇರಿ ಥಟ್ಟನೆ ಇಳಿಯುವ ಗಿಡ್ಡ ಗೆರೆಯಷ್ಟೇ ಉಳಿಯುತ್ತದೆ. ಗರಿಗಳ ಉದ್ದ ಮಾತ್ರ ಮೊಟಕಾಗುವುದಿಲ್ಲ, ಅವು ಎರಡೂ ಕಡೆ ಪರದೆಯಂತೆ ಜೋತುಬೀಳುತ್ತವೆ. ಮತ್ತು ಪಕ್ಕಕ್ಕೆ ಚಾಚಿದ್ದಾಗ ಬಿಡಿಬಿಡಿಯಾಗಿದ್ದ ಗರಿಗಳು ಒಂದರ ಮೇಲೊಂದು ಒತ್ತೊತ್ತಾಗಿ ಬಂದು ಕಪ್ಪಾಗುತ್ತವೆ.

ಅಂದರೆ ಎದುರಿನ ಸೋಗೆ ಗಿಡ್ಡ, ಅಗಲ, ದಟ್ಟ. ಪಕ್ಕದ ಸೋಗೆ ಉದ್ದ, ತೆಳು, ಬಿಡಿ. ಮೊದಲು ಎದುರಿನ ಒಂದನ್ನು ಬರೆದುಬಿಡಿ. ಅದು ಸುಳಿಯ ಬುಡವನ್ನು ಸ್ವಲ್ಪ ಮರೆಮಾಡಲಿ. ಉಳಿದವು ಅದರ ಹಿಂದಿನಿಂದ ಹೊರಡಲಿ. ಹಿಂದಕ್ಕೆ ಹೋದವು ತಲೆಯ ಮೇಲ್ಗಡೆಯಿಂದ ಇಣುಕುವ ಗಿಡ್ಡ ಕಮಾನುಗಳು, ಬಣ್ಣ ತಿಳಿ, ವಿವರ ಕಡಿಮೆ.

ಕಾಗದದ ಸೋಗೆಯನ್ನು ಎಸೆಯಬೇಡಿ. ಎಷ್ಟೋ ಕಾಲ ಬಿಡಿಸಿದ ಮೇಲೂ ಗೊಂದಲವಾದಾಗ ನಾನು ಅದನ್ನೇ ಕೈಗೆತ್ತಿಕೊಳ್ಳುತ್ತೇನೆ.

ಒಟ್ಟು ಎಷ್ಟು ಸೋಗೆ ಬರೆದರೆ ಸಾಕು?

ಚೆನ್ನಾಗಿ ಬೆಳೆದ ತೆಂಗಿನಲ್ಲಿ ಸುಮಾರು 30 ಬಿಚ್ಚಿದ ಸೋಗೆಗಳಿರುತ್ತವೆ, ಅಡಿಕೆಯಲ್ಲಿ ಹತ್ತರ ಆಸುಪಾಸು. ಅಡಿಕೆಯಲ್ಲಿ ಇರುವಷ್ಟನ್ನೂ ಬರೆಯಬಹುದು. ತೆಂಗಿನಲ್ಲಿ ಹತ್ತನ್ನೋ ಹನ್ನೆರಡನ್ನೋ ಸ್ಪಷ್ಟವಾಗಿ ಬರೆದು, ಉಳಿದವನ್ನು ಅವುಗಳ ನಡುವಿನ ನೆರಳಾಗಿ ಬಿಡಿ.

ಒಣಗಿದ ಸೋಗೆ ಬರೆದರೆ ಚಿತ್ರ ಕೆಡೋದಿಲ್ವಾ?

ಕೆಡುವುದಿಲ್ಲ, ಮರಕ್ಕೆ ಜೀವ ಬರುತ್ತದೆ. ಕೆಳಗೆ ಜೋತ ಒಂದು ಕಂದು ಸೋಗೆ ಮೇಲಿನ ಹಸಿರನ್ನು ಇನ್ನಷ್ಟು ಹಸಿರು ಮಾಡುತ್ತದೆ. ಒಣಗಿದಾಗ ಗರಿಗಳು ಸುರುಟಿಕೊಂಡು ದಾರದಂತಾಗುತ್ತವೆ, ಆದ್ದರಿಂದ ತೆಳು ಗೆರೆ ಸಾಕು.

ಕಾಯಿ ಗೊನೆ ಎಲ್ಲಿ ಇಡಬೇಕು?

ಕಾಂಡದ ತುದಿಗೆ ಚೆಂಡುಗಳನ್ನು ಅಂಟಿಸಿದಂತೆ ಇಡಬೇಡಿ. ಹೊಂಬಾಳೆ ಹೊರಡುವುದು ಸೋಗೆಯ ಕಂಕುಳಿನಿಂದ, ಒಂದು ಸೋಗೆಗೆ ಒಂದು. ಹಾಗಾಗಿ ಗೊನೆಗೂ ಸೋಗೆಯ ವಯಸ್ಸೇ. ಮೇಲಿನ ಸೋಗೆಗಳ ಸಂದಿಯಲ್ಲಿ ಬಿಚ್ಚುತ್ತಿರುವ ಹೊಂಬಾಳೆ, ಅದರ ಕೆಳಗೆ ಮಿಡಿ, ಇನ್ನೂ ಕೆಳಗೆ ಬಲಿತ ಕಾಯಿ. ಭಾರವಾದ ಗೊನೆ ತನ್ನ ಕೆಳಗಿನ ಮಟ್ಟೆಯ ಮೇಲೆ ಒರಗಿರುತ್ತದೆ. ಅಡಿಕೆಯಲ್ಲಿ ಗೊನೆಯ ಜಾಗ ಬೇರೆ. ಅಡಿಕೆ ಸೋಗೆಯ ಬುಡದಲ್ಲಿ ಕಾಂಡವನ್ನು ಸುತ್ತಿಕೊಂಡಿರುವ ಅಗಲ ಭಾಗಕ್ಕೆ ಹಾಳೆ ಎನ್ನುತ್ತಾರೆ. ಸೋಗೆ ಹಾಳೆಸಮೇತ ಕಳಚಿಬಿದ್ದ ಮೇಲೆಯೇ ಹೊಂಬಾಳೆ ಹೊರಗೆ ಕಾಣುವುದರಿಂದ ಗೊನೆಗಳು ಹಾಳೆಗಳಿಂದಾದ ಹಸಿರು ಕೊಳವೆಯ ಕೆಳಗೆ, ಬರಿಯ ಕಾಂಡಕ್ಕೆ ಅಂಟಿಕೊಂಡಿರುತ್ತವೆ.

## ಕಾಂಡ

ಕಾಂಡ ಮೇಲೆ ಹೋದಂತೆ ಸಪೂರ ಆಗಬೇಕಲ್ವಾ?

ಬೇವು, ಮಾವುಗಳಲ್ಲಿ ಆಗುತ್ತದೆ, ಏಕೆಂದರೆ ಅವು ವರ್ಷ ಕಳೆದಂತೆ ಪದರ ಪದರವಾಗಿ ದಪ್ಪವಾಗುತ್ತವೆ. ಬುಡಕ್ಕೆ ವಯಸ್ಸು ಹೆಚ್ಚು, ದಪ್ಪವೂ ಹೆಚ್ಚು. ತೆಂಗು, ಅಡಿಕೆಗಳಿಗೆ ಹಾಗೆ ದಪ್ಪವಾಗುವ ಪದರವಿಲ್ಲ. ಎಳೆತನದಲ್ಲಿ ಬುಡ ತನ್ನ ದಪ್ಪವನ್ನು ಪಡೆದುಕೊಂಡ ಮೇಲೆಯೇ ಎತ್ತರಕ್ಕೆ ಹೋಗುತ್ತದೆ. ಆದ್ದರಿಂದ ಬುಡದಲ್ಲಿ ಬೊಡ್ಡೆ ಉಬ್ಬಿಸಿ, ಅಲ್ಲಿಂದ ಮೇಲಕ್ಕೆ ಹೆಚ್ಚುಕಡಿಮೆ ಒಂದೇ ದಪ್ಪ. ತುದಿಗೆ ಹೋಗುವಾಗ ಚೂರು ಸಪೂರ ಮಾಡಿದರೂ ಕ್ಯಾರೆಟ್ ಆಕಾರಕ್ಕೆ ಇಳಿಯಬಾರದು.

ಬುಡದಲ್ಲಿ ನಿಂತು ಮೊಬೈಲಿನಲ್ಲಿ ತೆಗೆದ ಫೋಟೋ ಈ ವಿಷಯದಲ್ಲಿ ಮೋಸ ಮಾಡುತ್ತದೆ. ಹತ್ತಿರದ ಬುಡವನ್ನು ಹಿಗ್ಗಿಸಿ ದೂರದ ತುದಿಯನ್ನು ಕುಗ್ಗಿಸುತ್ತದೆ.

ಕಾಂಡದ ಬಳೆಗಳನ್ನು ಮೇಲಕ್ಕೆ ಬಾಗಿಸಬೇಕಾ, ಕೆಳಕ್ಕಾ?

ನಿಮ್ಮ ಕಣ್ಣಿನ ಮಟ್ಟ ಎಲ್ಲಿದೆ ನೋಡಿ. ಕಣ್ಣಿನ ಮಟ್ಟದಲ್ಲಿ ಬಳೆ ನೇರ ಗೆರೆ. ಅದಕ್ಕಿಂತ ಮೇಲಿನವು ಕಮಾನಿನಂತೆ ನಡು ಎತ್ತಿಕೊಂಡಿರುತ್ತವೆ, ಮೇಲೇರಿದಷ್ಟೂ ಬಾಗು ಹೆಚ್ಚು. ಕೆಳಗಿನವು ಬಟ್ಟಲಿನಂತೆ ಜೋಲುತ್ತವೆ. ನೆಲದ ಮೇಲೆ ನಿಂತು ಎತ್ತರದ ಮರ ನೋಡುವವನಿಗೆ ಬಹುಪಾಲು ಬಳೆಗಳು ಕಣ್ಣಿಗಿಂತ ಮೇಲೇ ಇರುತ್ತವೆ, ಆದರೂ ಎಲ್ಲರ ಕೈಯೂ ರೂಢಿಯಿಂದ ಬಟ್ಟಲನ್ನೇ ಬರೆಯುತ್ತದೆ. ಅಷ್ಟಕ್ಕೇ ಮರವನ್ನು ಮೇಲಿನಿಂದ ನೋಡಿದಂತಾಗುತ್ತದೆ.

ಬಳೆಗಳು ಉದುರಿದ ಸೋಗೆಗಳ ಗಾಯದ ಗುರುತುಗಳು. ಅಡಿಕೆಯಲ್ಲಿ ಹಾಳೆ ಕಾಂಡವನ್ನು ಪೂರ್ತಿ ಸುತ್ತಿರುವುದರಿಂದ ಬಳೆಯೂ ಪೂರ್ತಿ. ತೆಂಗಿನಲ್ಲಿ ಅರ್ಧಚಂದ್ರದಂತೆ, ಒಂದು ಮುಗಿಯುವ ಮೊದಲೇ ಇನ್ನೊಂದು ಓರೆಯಾಗಿ ಶುರುವಾಗುತ್ತದೆ. ಎಲ್ಲ ಬಳೆಯನ್ನೂ ಅಂಚಿನಿಂದ ಅಂಚಿಗೆ ಎಳೆಯಬೇಡಿ. ನೆರಳಿನ ಬದಿಯಲ್ಲಿ ಗಾಢ ಮಾಡಿ, ಬಿಸಿಲ ಬದಿಗೆ ಬರುವಷ್ಟರಲ್ಲಿ ಕರಗಿಸಿಬಿಡಿ.

ಬಾಗಿದ ತೆಂಗಿನ ಮರ ಚೆಂದ ಅಂತ ಬರೆದೆ, ಈಗಲೋ ಆಗಲೋ ಬೀಳೋ ಹಾಗಿದೆ.

ತುದಿಯನ್ನೂ ಬಾಗಿಸಿದ್ದೀರಿ. ಬುಡ ವಾಲಿದ ಮರವೂ ಬೆಳೆಯುತ್ತ ಬೆಳೆಯುತ್ತ ಮೇಲ್ಮುಖವಾಗಿ ತಿರುಗುತ್ತದೆ, ಏಕೆಂದರೆ ಸುಳಿ ಯಾವಾಗಲೂ ಆಕಾಶದ ಕಡೆ ನೋಡುತ್ತದೆ. ದೊಡ್ಡ ಬಾಗು ಕೆಳಗಿನ ಮೂರನೇ ಒಂದು ಭಾಗದಲ್ಲಿರಲಿ, ಮೇಲೆ ಹೋಗುತ್ತ ಅದು ನೇರವಾಗಲಿ. ಸುಳಿ ವಾಲಿದ ಕಾಂಡದ ದಿಕ್ಕು ಹಿಡಿಯದೆ ನೇರ ನಿಲ್ಲಲಿ.

## ಯಾವ ಮರ?

ತೆಂಗು, ಅಡಿಕೆ, ತಾಳೆ, ಈಚಲು ಎಲ್ಲಾ ನನ್ನ ಚಿತ್ರದಲ್ಲಿ ಒಂದೇ ಥರ ಕಾಣುತ್ತವೆ.

ಇವೆಲ್ಲ ಸೇರಿರುವ ತಾಳೆಯ (ಪಾಮ್) ಕುಟುಂಬದಲ್ಲಿ ಸುಮಾರು 2,600 ಜಾತಿಗಳಿವೆ. "ಪಾಮ್ ಮರ" ಎಂದುಕೊಂಡು ಕೂತರೆ ಯಾವುದೂ ಬರುವುದಿಲ್ಲ. ಯಾವ ಮರ ಎಂದು ಮೊದಲು ಹೆಸರಿಟ್ಟುಕೊಳ್ಳಿ, ಗೆರೆ ಬದಲಾಗುತ್ತದೆ.

ತೆಂಗಿಗೆ ಸಡಿಲವಾದ, ಅಗಲ ತಲೆ, ಉದ್ದ ಬಾಗು, ಬೂದು ಕಾಂಡ, ಬೊಡ್ಡೆ. ಅಡಿಕೆ ಅದಕ್ಕಿಂತ ತೀರಾ ಸಪೂರ ಮತ್ತು ನೇರ. ತಲೆಯ ಕೆಳಗೆ ಹಾಳೆಗಳು ಒಂದರೊಳಗೊಂದು ಸುತ್ತಿಕೊಂಡು ನುಣುಪಾದ ಹಸಿರು ಕೊಳವೆಯಾಗಿರುತ್ತವೆ. ಆ ಕೊಳವೆ ಬರೆದರೆ ಅರ್ಧ ಅಡಿಕೆ ಮರ ಬಂದಂತೆ. ಈಚಲಿನ ಸೋಗೆ ಬಿರುಸು, ಬಣ್ಣ ಬೂದುಹಸಿರು, ಬುಡದ ಗರಿಗಳು ಮುಳ್ಳಾಗಿ ಮಾರ್ಪಟ್ಟಿರುತ್ತವೆ. ತಲೆ ಹೆಚ್ಚುಕಡಿಮೆ ಗುಂಡು, ಕಾಂಡದ ಮೇಲೆ ಕಡಿದುಹೋದ ಮಟ್ಟೆಗಳ ಒರಟು ಗುರುತುಗಳು ವಜ್ರದಾಕಾರದಲ್ಲಿ ಜೋಡಿಸಿಕೊಂಡಿರುತ್ತವೆ.

ತಾಳೆಯ ಎಲೆ ಬೀಸಣಿಗೆ. ಕಾಂಡ ಕಪ್ಪು, ತಲೆ ಬಿಗಿಯಾದ ಚೆಂಡು, ದೂರದಿಂದ ನೋಡಿದರೆ ಅಂಚು ಮುಳ್ಳುಮುಳ್ಳಾಗಿ ಕಾಣುತ್ತದೆ. ಬೈನೆ ಮರ ಇವೆಲ್ಲದಕ್ಕಿಂತ ಬೇರೆ. ಅದರ ಸೋಗೆ ಎರಡು ಸಲ ಕವಲಾಗುತ್ತದೆ, ಒಂದೊಂದು ಎಸಳೂ ಮೀನಿನ ಬಾಲದಂತೆ ತುದಿ ಹರಿದುಕೊಂಡಿರುತ್ತದೆ. ಜಡೆಯಂತೆ ಇಳಿಬಿಟ್ಟ ಹೂಗೊಂಚಲುಗಳು ಮೊದಲು ನೆತ್ತಿಯಲ್ಲಿ ಬಂದು, ಆಮೇಲೆ ಕಾಂಡದ ಕೆಳಗೆ ಕೆಳಗೆ ಬರುತ್ತ ಹೋಗುತ್ತವೆ. ಹೂಬಿಟ್ಟು ಮುಗಿಸಿದ ಮೇಲೆ ಆ ಕಾಂಡವೇ ಸಾಯುತ್ತದೆ. ಬೈನೆಯ ಚಿತ್ರದಲ್ಲಿ ಕೊನೆಯ ಗೊಂಚಲನ್ನು ಎಲ್ಲಿಟ್ಟಿರಿ ಎಂಬುದರಿಂದಲೇ ಮರಕ್ಕೆ ಎಷ್ಟು ಆಯುಸ್ಸು ಉಳಿದಿದೆ ಎಂದು ತಿಳಿದವರು ಓದಬಲ್ಲರು.

ತಾಳೆಯ ಬೀಸಣಿಗೆ ಎಲೆಗೆ ಸುಲಭದ ದಾರಿ ಇದೆಯಾ?

ಇದೆ. ತಟ್ಟೆಯೊಂದನ್ನು ಓರೆ ಹಿಡಿದಂತೆ ಒಂದು ಅಂಡಾಕಾರ ಬರೆಯಿರಿ. ಮಟ್ಟೆ ಬಂದು ಸೇರುವ ಬಿಂದುವನ್ನು ಅದರ ಒಂದು ಅಂಚಿನ ಹತ್ತಿರ ಇಟ್ಟು, ಅಲ್ಲಿಂದ ಕಿರಣಗಳಂತೆ ಮಡಿಕೆ ಎಳೆಯಿರಿ. ಹೊರಗಿನ ಅರ್ಧದಲ್ಲಿ ಮಾತ್ರ ಮಡಿಕೆಗಳು ಬಿಡಿಬಿಡಿಯಾಗಿ ಸೀಳಲಿ, ಒಳಗಿನ ಅರ್ಧ ಒಂದೇ ಹಾಳೆಯಾಗಿರಲಿ. ಎದುರು ನೋಡುವ ಎಲೆ ಪೂರ್ಣ ವೃತ್ತ, ಪಕ್ಕ ನೋಡುವುದು ಬರೀ ಗೆರೆ. ಒಂದು ತಲೆಯಲ್ಲಿ ಈ ಎರಡೂ ಇರಬೇಕು.

ನಾನು ಬರೆದದ್ದು ಪಾಮ್ ಅಲ್ಲವೇ ಅಲ್ಲ ಅಂದರು. ಹೇಗೆ ಗೊತ್ತಾಗುತ್ತೆ?

ಬೀಸಣಿಗೆ ಬಿಚ್ಚಿಟ್ಟಂತೆ ಎಲೆಗಳು ಒಂದೇ ಸಮತಲದಲ್ಲಿ ಎಡಬಲಕ್ಕೆ ಜೋಡಿಸಿಕೊಂಡಿದ್ದರೆ ಅದು ಟ್ರಾವೆಲರ್ಸ್ ಟ್ರೀ, ಎಲೆ ಬಾಳೆಯಂತಿರುತ್ತದೆ. ಗಿಡ್ಡ ಕಾಂಡ, ಬಿರುಸಾದ ಚಿಕ್ಕ ಗರಿ, ನಡುವೆ ದೊಡ್ಡ ಶಂಕು ಇದ್ದರೆ ಸೈಕಸ್. ಎರಡೂ ತಾಳೆಯ ಕುಟುಂಬದವಲ್ಲ. ಬರೆಯಲು ಮಾತ್ರ ಎರಡೂ ಚೆಂದ.

## ಬೆಳಕು, ಬಣ್ಣ, ಗಾಳಿ

ಎಷ್ಟು ಹಸಿರು ಹಚ್ಚಿದರೂ ಮರ ಪ್ಲಾಸ್ಟಿಕ್ ಥರ ಕಾಣುತ್ತೆ. ಯಾವ ಹಸಿರು ಬಳಸಬೇಕು?

ಒಂದೇ ಟ್ಯೂಬಿನ ಹಸಿರು ಎಲ್ಲ ಕಡೆ ಹಚ್ಚಿದರೆ ಹಾಗಾಗುತ್ತದೆ. ಸೋಗೆಯಲ್ಲಿ ಮೂರು ಹಸಿರುಗಳನ್ನು ಹುಡುಕಿ. ಬಿಸಿಲು ಗರಿಯನ್ನು ಹಾದು ನಿಮ್ಮ ಕಡೆ ಬಂದಲ್ಲಿ ಅದು ಹಳದಿ ಹಸಿರು, ಒಳಗಿನಿಂದ ದೀಪ ಹಚ್ಚಿದಂತೆ. ನುಣುಪಾದ ಮೇಲ್ಮೈ ಆಕಾಶವನ್ನು ಪ್ರತಿಫಲಿಸಿದಲ್ಲಿ ನೀಲಿ ಬೆರೆತ, ಒಮ್ಮೊಮ್ಮೆ ಹೆಚ್ಚುಕಡಿಮೆ ಬಿಳಿ. ಒಳಗಿನ ಸಂದಿಗಳಲ್ಲಿ ಕಪ್ಪಿಗೆ ಹತ್ತಿರದ ಹಸಿರು. ಇದನ್ನು ಕಪ್ಪು ಬೆರೆಸಿ ಮಾಡಬೇಡಿ, ಹಸಿರಿಗೆ ಚೂರು ಕೆಂಪೋ ಕಂದೋ ಸೇರಿಸಿ. ಹಳದಿ ಮತ್ತು ನೀಲಿಯಿಂದ ಹಸಿರನ್ನು ನೀವೇ ಬೆರೆಸಿಕೊಂಡರೆ ಈ ಮೂರೂ ಒಂದೇ ಮನೆಯವರಂತೆ ಹೊಂದುತ್ತವೆ. ದಂಟು, ಮಟ್ಟೆಗಳು ಬಹಳ ಸಲ ಹಳದಿ ಇಲ್ಲವೇ ಕಿತ್ತಳೆ ಛಾಯೆಯವು. ಅವನ್ನು ಹಸಿರು ಮಾಡಿದರೆ ಸೋಗೆಯ ಎಲುಬೇ ಕಾಣೆಯಾಗುತ್ತದೆ.

ಜಲವರ್ಣದಲ್ಲಿ ತಿಳಿಯಿಂದ ಗಾಢಕ್ಕೆ ಹೋಗಿ. ಇಡೀ ಸೋಗೆಗೆ ಹಳದಿ ಹಸಿರು ಹಾಕಿ ಒಣಗಲು ಬಿಡಿ. ಆಮೇಲೆ ಗರಿಗಳನ್ನು ಬರೆಯುವ ಬದಲು ಗರಿಗಳ ನಡುವಿನ ಸಂದಿಗಳನ್ನು ಗಾಢ ಬಣ್ಣದಲ್ಲಿ ತುಂಬಿ. ತಿಳಿ ಗರಿಗಳು ತಾವಾಗಿ ಮುಂದೆ ಬರುತ್ತವೆ.

ಸಂಜೆಯ ಮರ ಬರೀ ಕಪ್ಪು ಬಳಿದರೆ ಸಾಕಲ್ವಾ?

ಸಾಕು, ಆದರೆ ಆಗ ಹೊರಗೆರೆಯೇ ಎಲ್ಲ. ಒಳಗೆ ವಿವರ ಅಡಗಿಸಲು ಜಾಗವಿಲ್ಲ, ಆದ್ದರಿಂದ ಆಕಾಶದ ತೂತುಗಳನ್ನು ಗಮನವಿಟ್ಟು ಬರೆಯಿರಿ. ಮಟ್ಟೆಗಳ ನಡುವೆ ಕಾಣುವ ತ್ರಿಕೋನಗಳು, ಗರಿಗಳ ಬಿರುಕುಗಳು, ಇವೇ ಮರ. ಸೂರ್ಯನ ಪಕ್ಕದ ಗರಿಗಳ ಅಂಚು ಬೆಳಕಿನಲ್ಲಿ ಕರಗಿ ಕಂದಾಗುತ್ತದೆ, ಅಲ್ಲಿ ಪೂರ್ತಿ ಕಪ್ಪು ಬೇಡ.

ಗಾಳಿ ಬೀಸುತ್ತಿದೆ ಅಂತ ತೋರಿಸೋದು ಹೇಗೆ?

ಕಾಂಡವನ್ನು ಬಗ್ಗಿಸುವ ಅಗತ್ಯವಿಲ್ಲ. ಗಾಳಿ ಮಾತಾಡುವುದು ಸೋಗೆಗಳಲ್ಲಿ. ಗಾಳಿ ಬರುವ ಬದಿಯ ಸೋಗೆಗಳು ಎದ್ದು, ತಲೆಯ ಮೇಲೆ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಗಾಳಿ ಹೋಗುವ ಬದಿಯವು ನೇರವಾಗಿ ಹಿಗ್ಗುತ್ತವೆ. ಗರಿಗಳು ದಂಟಿನ ಎರಡೂ ಬದಿಯಿಂದ ಒಂದೇ ದಿಕ್ಕಿಗೆ ಹರಿಯುತ್ತವೆ. ಅಮೆರಿಕದ ಚಿತ್ರಕಾರ ವಿನ್ಸ್ಲೋ ಹೋಮರ್ 1898ರಲ್ಲಿ ಬಹಾಮಾಸ್‌ನ ನಸಾವಿನ ತೆಂಗಿನ ಮರವನ್ನು ಜಲವರ್ಣದಲ್ಲಿ ಬರೆದಿದ್ದಾರೆ. ಸೋಗೆಗಳನ್ನು ಗಾಳಿ ಒಂದೇ ಕಡೆಗೆ ಬಾಚಿರುವುದನ್ನು ಕಲಿಯಲು ಆ ಚಿತ್ರದ ಮುಂದೆ ಎಷ್ಟು ಹೊತ್ತು ಕೂತರೂ ನಷ್ಟವಿಲ್ಲ. ಕುಂಚದ ಏಟುಗಳನ್ನು ಎಣಿಸಿ ನೋಡಿ, ಕೆಲಸ ಎಷ್ಟು ಮಿತವಾಗಿದೆ ಎಂದು ತಿಳಿಯುತ್ತದೆ.

## ಕೈ ಪಳಗಿದ ಮೇಲೆ

ಸಾಲು ಮರಗಳನ್ನು ಬರೆದರೆ ದೂರದವು ಗಾಳಿಯಲ್ಲಿ ತೇಲುತ್ತವೆ ಯಾಕೆ?

ಕಣ್ಣಿನ ಮಟ್ಟದ ಅಡ್ಡಗೆರೆಯನ್ನು ಮೊದಲು ಎಳೆದಿಲ್ಲ, ಅದಕ್ಕೆ. ಸಮತಟ್ಟಾದ ನೆಲದಲ್ಲಿ ನಿಂತು ನೋಡುವಾಗ ನಿಮ್ಮ ಕಣ್ಣು 1.5 ಮೀಟರ್ ಎತ್ತರದಲ್ಲಿದ್ದರೆ, ಆ ಗೆರೆ ಹತ್ತಿರದ್ದಿರಲಿ ದೂರದ್ದಿರಲಿ ಪ್ರತಿಯೊಂದು ಕಾಂಡವನ್ನೂ ಬುಡದಿಂದ 1.5 ಮೀಟರಿನಲ್ಲೇ ಹಾಯುತ್ತದೆ. ಹಿಂದಿನ ಮರದ ಬುಡ ಗೆರೆಯ ಹತ್ತಿರಕ್ಕೆ ಏರುತ್ತದೆ, ತಲೆ ಗೆರೆಯ ಹತ್ತಿರಕ್ಕೆ ಇಳಿಯುತ್ತದೆ. ದೂರ ಹೋದಂತೆ ಗರಿ ಬಿಟ್ಟು ತಲೆಯ ಆಕಾರವನ್ನಷ್ಟೇ ಬರೆಯಿರಿ.

ನೀರಿನಲ್ಲಿ ಮರದ ಬಿಂಬ ಬರೆಯುವಾಗ ತಲೆಕೆಳಗೆ ನಕಲು ಮಾಡಿದರೆ ಆಯ್ತಲ್ಲ?

ನೇರ ಮರಕ್ಕೆ, ಬುಡ ನೀರಿನ ಅಂಚಿನಲ್ಲೇ ಇದ್ದರೆ, ಹೆಚ್ಚುಕಡಿಮೆ ಸರಿ. ಬಲಕ್ಕೆ ವಾಲಿದ ಮರದ ಬಿಂಬವೂ ಬಲಕ್ಕೇ ವಾಲುತ್ತದೆ. ನಿಮ್ಮ ಕಡೆಗೆ ವಾಲಿದ ಮರದ ಬಿಂಬ ಮರಕ್ಕಿಂತ ಉದ್ದ, ಆಚೆ ವಾಲಿದ್ದರ ಬಿಂಬ ಗಿಡ್ಡ. ಮತ್ತೆ ಬಿಂಬದಲ್ಲಿ ಸೋಗೆಗಳ ಅಡಿಭಾಗವೇ ಹೆಚ್ಚು ಕಾಣುತ್ತದೆ, ಆದ್ದರಿಂದ ಅದು ಮರಕ್ಕಿಂತ ಗಾಢ.

ಮರದ ಕೆಳಗೆ ಮಲಗಿ ಮೇಲೆ ನೋಡಿದ ಹಾಗೆ ಬರೆಯಬೇಕು.

ಒಳ್ಳೆಯ ಆಸೆ. ಕಾಂಡ ಬುಡದಲ್ಲಿ ಭಾರೀ ಅಗಲವಾಗಿ ಶುರುವಾಗಿ ಬೇಗ ಸಪೂರವಾಗುತ್ತದೆ. ಬೇರೆ ಮರಗಳೂ ಇದ್ದರೆ ಅವುಗಳ ಕಾಂಡಗಳೂ ನೆತ್ತಿಯ ಮೇಲಿನ ಅದೇ ಒಂದು ಬಿಂದುವಿನ ಕಡೆಗೆ ಓಡುತ್ತವೆ. ತಲೆ ಈಗ ಚಕ್ರ, ಸೋಗೆಗಳು ಅರಗಳು.

ಚಕ್ರದ ಅರಗಳಂತೆ ಸಮಾನ ಅಂತರದಲ್ಲಿ ಎಳೆಯುವ ಮೊದಲು ಒಂದು ವಿಷಯ ತಿಳಿದಿರಲಿ. ತೆಂಗಿನಲ್ಲಿ ಪ್ರತಿ ಹೊಸ ಸೋಗೆ ಹಿಂದಿನದರಿಂದ ಸುಮಾರು 140 ಡಿಗ್ರಿ ತಿರುಗಿ ಹುಟ್ಟುತ್ತದೆ. ಒಂದನ್ನು ಬರೆಯಿರಿ, ವೃತ್ತದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ತಿರುಗಿ ಎರಡನೆಯದು, ಮತ್ತಷ್ಟೇ ತಿರುಗಿ ಮೂರನೆಯದು. ಆರನೆಯದು ಮೊದಲನೆಯದರ ಹತ್ತಿರಕ್ಕೆ ಬರುತ್ತದೆ, ಆದರೆ ಅದರ ಮೇಲೇ ಕೂರುವುದಿಲ್ಲ, ಚೂರು ಸರಿದಿರುತ್ತದೆ. ಈ ಸರಿಯುವಿಕೆಯಿಂದಲೇ ತಲೆಯಲ್ಲಿ ಸುರುಳಿ ಕಾಣುತ್ತದೆ. ಕೆಲವು ಮರಗಳಲ್ಲಿ ಅದು ಎಡಕ್ಕೆ, ಕೆಲವದರಲ್ಲಿ ಬಲಕ್ಕೆ ಸುತ್ತುತ್ತದೆ. ಎದುರಿಗಿರುವ ಮರದ್ದು ಯಾವ ಸುತ್ತು ಎಂದು ಮೊದಲು ಗುರುತಿಸಿಕೊಳ್ಳಿ.

ಡಿಜಿಟಲ್‌ನಲ್ಲಿ ರೆಡಿ ಪಾಮ್ ಬ್ರಷ್ ಸಿಗುತ್ತೆ. ಬಳಸಬಹುದಾ?

ದೂರದ ಮರಗಳಿಗೆ ಬಳಸಿ. ಮುಂದಿನ ಮರಕ್ಕೆ ಬೇಡ. ಅಚ್ಚಿನ ಸೋಗೆಗೆ ಒಂದೇ ವಯಸ್ಸು, ಒಂದೇ ನೋಟ. ಎದುರಿಗೆ ಬರುವ ಸೋಗೆಯನ್ನು ಅದು ಕೊಡಲಾರದು. ದಂಟುಗಳನ್ನು ನೀವೇ ಎಳೆದು, ಗರಿಗೆ ಮೊನೆ ಚೂಪಾಗುವ ಸಾಧಾರಣ ಬ್ರಷ್ ಸಾಕು.

ಒಂದೇ ಮರವನ್ನು ಮತ್ತೆ ಮತ್ತೆ ಬರೆಯಿರಿ ಅಂತೀರಿ. ಬೇಜಾರಾಗಲ್ವಾ?

ಒಂದು ಪ್ರಯೋಗ ಮಾಡಿ ನೋಡಿ. ಕಿಟಕಿಯಿಂದಲೋ ದಾರಿಯಲ್ಲೋ ದಿನವೂ ಕಾಣುವ ಒಂದು ತೆಂಗಿನ ಮರ ಆರಿಸಿಕೊಳ್ಳಿ. ತಿಂಗಳಿಗೊಂದು ಸಲ, ಅದೇ ಜಾಗದಲ್ಲಿ ನಿಂತು, ಇಪ್ಪತ್ತು ನಿಮಿಷದಲ್ಲಿ ಬರೆಯಿರಿ. ಹಾಳೆಯ ಹಿಂದೆ ದಿನಾಂಕ ಹಾಕಿ. ಮೊದಲ ಸಲ ಸುಳಿಯಾಗಿದ್ದದ್ದನ್ನು ಬಣ್ಣದ ಪೆನ್ಸಿಲಿನಿಂದ ಗುರುತಿಸಿ, ಮುಂದಿನ ಪ್ರತಿ ಚಿತ್ರದಲ್ಲೂ ಅದೇ ಸೋಗೆಯನ್ನು ಅದೇ ಬಣ್ಣದಲ್ಲಿ ಬರೆಯುತ್ತ ಹೋಗಿ. ಎರಡನೇ ಹಾಳೆಯಲ್ಲಿ ಅದು ಬಿಚ್ಚಿಕೊಂಡಿರುತ್ತದೆ. ಕೆಲವು ತಿಂಗಳಲ್ಲಿ ಓರೆಯಾಗಿ ನಿಂತು, ಅದರ ಮೇಲೆ ಹೊಸ ಸುಳಿಗಳು ಬಂದಿರುತ್ತವೆ. ವರ್ಷ ತುಂಬಿದ ಮೇಲೆ ಹಾಳೆಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ. ನೆತ್ತಿಯಿಂದ ಹೊರಟ ಆ ಒಂದು ಬಣ್ಣದ ಗೆರೆ ಹಾಳೆಯಿಂದ ಹಾಳೆಗೆ ಪಕ್ಕಕ್ಕೆ ಇಳಿದು ಬಂದಿರುವುದು ಕಾಣುತ್ತದೆ, ಅದರ ಕಂಕುಳಲ್ಲಿ ಆ ಹೊತ್ತಿಗೆ ಹೊಂಬಾಳೆಯೂ ಮೂಡುತ್ತಿರಬಹುದು.